ಫ್ಲೈವೀಲ್ ಹಗುರವಾದರೆ ಕಾರು ಚುರುಕಾಗುತ್ತದೆಯೇ?



ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮ ಕಪ್ಪತಗುಡ್ಡದ ಮಡಿಲಲ್ಲಿದೆ. ಆ ಗುಡ್ಡದ ಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಗಾಳಿ ಬೀಸಿದ ಕೂಡಲೇ ಅವುಗಳ ರೆಕ್ಕೆಗಳು ಭರ್ರನೆ ತಿರುಗಲು ತೊಡಗುವುದಿಲ್ಲ. ಗಾಳಿ ಒಂದು ಕ್ಷಣ ಸಡಿಲವಾದರೆ ಥಟ್ಟನೆ ನಿಂತುಬಿಡುವುದೂ ಇಲ್ಲ. ಊರೊಳಗೆ ಬಂದರೆ ಇದೇ ಗುಣವನ್ನು ಬೀಸುಕಲ್ಲಿನಲ್ಲಿ, ಕುಂಬಾರರ ತಿಗರಿಯಲ್ಲಿ ಕಾಣಬಹುದು. ಭಾರವಾದ ವಸ್ತು ತಿರುಗಲು ತಡಮಾಡುತ್ತದೆ. ಒಮ್ಮೆ ತಿರುಗಿತೆಂದರೆ ನಿಲ್ಲಲೂ ತಡಮಾಡುತ್ತದೆ. ಇದೇ ಜಡತ್ವ.

ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ, ನಮ್ಮ ಕಣ್ಣಿಗೆ ಬೀಳದಂತೆ, ಇಂಥದೇ ಒಂದು ಭಾರವಾದ ಚಕ್ರವಿದೆ. ಅದರ ಹೆಸರು ಫ್ಲೈವೀಲ್. ಈಚೆಗೆ ಹಳೆಯ ಕಾರು ಕೊಂಡ ತರುಣರು ಗ್ಯಾರೇಜುಗಳಲ್ಲಿ ಒಂದು ಪ್ರಶ್ನೆ ಕೇಳುವುದುಂಟು: “ಫ್ಲೈವೀಲ್ ಹಗುರ ಮಾಡಿಸಿದರೆ ಪಿಕಪ್ ಹೆಚ್ಚುತ್ತದಂತೆ, ಹೌದೇ?” ಪ್ರಶ್ನೆ ಚಿಕ್ಕದು. ಆದರೆ ಉತ್ತರದಲ್ಲಿ ಮನೆಯವರ ಹಣ, ಕಾರಿನ ಆಯುಷ್ಯ ಮತ್ತು ಓಡಿಸುವವರ ಕಾಲು ಎಲ್ಲವೂ ಅಡಗಿವೆ. ಟಿ.ವಿ. ತೆರೆಯ ಮೇಲೆ ಚಕ್ರ ತಿರುಗುವುದನ್ನು ತೋರಿಸಬಹುದು. ಅಚ್ಚಿನ ಪುಟದ ಅನುಕೂಲವೇ ಬೇರೆ. ಪೆನ್ಸಿಲ್ ಹಿಡಿದು, ನಿಧಾನವಾಗಿ ಲೆಕ್ಕ ಹಾಕಿ ನೋಡಬಹುದು. ಬನ್ನಿ, ಲೆಕ್ಕ ಹಾಕೋಣ.

ಎಂಜಿನ್‌ಗೆ ಈ ಚಕ್ರ ಏಕೆ ಬೇಕು?

ನಾಲ್ಕು ಹೊಡೆತಗಳ ಎಂಜಿನ್ನಿನ ಬಗ್ಗೆ ನೀವು ಪಾಠದಲ್ಲಿ ಓದಿದ್ದೀರಿ. ಗಾಳಿ ಹೀರುವುದು, ಒತ್ತುವುದು, ಉರಿದು ತಳ್ಳುವುದು, ಹೊಗೆ ಹೊರಹಾಕುವುದು. ಈ ನಾಲ್ಕರಲ್ಲಿ ಶಕ್ತಿ ಹುಟ್ಟುವುದು ಮೂರನೆಯ ಹೊಡೆತದಲ್ಲಿ ಮಾತ್ರ. ಉಳಿದ ಮೂರೂ ಖರ್ಚಿನ ಬಾಬ್ತು. ಅಂದರೆ ಒಂದು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಸುತ್ತಿದಾಗ ಒಮ್ಮೆ ಮಾತ್ರ ತಳ್ಳು ಸಿಗುತ್ತದೆ. ಮಿಕ್ಕ ಸಮಯದಲ್ಲಿ ಶಾಫ್ಟನ್ನು ತಿರುಗಿಸುವವರು ಯಾರು? ಫ್ಲೈವೀಲ್. ತಳ್ಳು ಸಿಕ್ಕಾಗ ಅದು ಶಕ್ತಿಯನ್ನು ತನ್ನಲ್ಲಿ ಕೂಡಿಡುತ್ತದೆ, ತಳ್ಳು ಇಲ್ಲದಾಗ ಅದನ್ನೇ ಕೊಡುತ್ತದೆ.

ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ನೀರೆತ್ತಿದ, ಹಿಟ್ಟಿನ ಗಿರಣಿ ನಡೆಸಿದ ಹಳೆಯ ಡೀಸೆಲ್ ಎಂಜಿನ್‌ಗಳನ್ನು ನೆನಪಿಸಿಕೊಳ್ಳಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರು ಹೊತ್ತ ಎಂಜಿನ್‌ಗಳು ಈ ಭಾಗದ ರೈತರಿಗೆ ಚಿರಪರಿಚಿತ. ಒಂದೇ ಸಿಲಿಂಡರಿನ ಇಂಥ ಎಂಜಿನ್‌ಗಳಿಗೆ ಹೊರಗಡೆಯೇ ದೊಡ್ಡ ಗಾಲಿ ಇರುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುವಾಗ ಮೊದಲು ಆ ಗಾಲಿಗೆ ವೇಗ ಬರಬೇಕು, ಆಮೇಲೆ ಎಂಜಿನ್ “ಡುಗ್, ಡುಗ್” ಎನ್ನುತ್ತದೆ. ಆ ಗಾಲಿಯನ್ನು ತೆಗೆದರೆ ಎಂಜಿನ್ ಓಡಲಾರದು.

ಕಾರಿನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸಿಲಿಂಡರುಗಳು ಇರುತ್ತವೆ. ನಾಲ್ಕಿದ್ದರೆ ಪ್ರತಿ ಅರ್ಧ ಸುತ್ತಿಗೆ ಒಂದು ತಳ್ಳು ಸಿಗುತ್ತದೆ. ಆದ್ದರಿಂದ ಚಿಕ್ಕ ಫ್ಲೈವೀಲ್ ಸಾಕು. ಇದರ ಮೇಲೆ ಇನ್ನೂ ಎರಡು ಹೊಣೆಗಳಿವೆ. ಅದರ ಅಂಚಿನ ಹಲ್ಲುಗಳನ್ನು ಹಿಡಿದೇ ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ಎಬ್ಬಿಸುತ್ತದೆ. ಅದರ ನುಣುಪಾದ ಮುಖದ ಮೇಲೆ ಕ್ಲಚ್ ಪ್ಲೇಟು ಒತ್ತಿ ಕುಳಿತು ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ.

ಶಕ್ತಿಯ ಉಗ್ರಾಣ

ತಿರುಗುವ ಚಕ್ರದಲ್ಲಿ ಎಷ್ಟು ಶಕ್ತಿ ಕೂಡಿರುತ್ತದೆ? ಅದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಚಕ್ರದ ತಿರುಗುವ ಜಡತ್ವ. ಕಾಲೇಜಿನಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಓದುವುದು ಇದನ್ನೇ. ಎರಡು, ಸುತ್ತಿನ ವೇಗದ ವರ್ಗ. ಜಡತ್ವವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಶಕ್ತಿ ಸಿಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು ಎಂಬುದನ್ನು ಮರೆಯಬೇಡಿ.

ಲೆಕ್ಕಕ್ಕಾಗಿ 8 ಕಿಲೋಗ್ರಾಂ ತೂಕದ, 13 ಸೆಂಟಿಮೀಟರ್ ತ್ರಿಜ್ಯದ ಸಮನಾದ ಬಿಲ್ಲೆಯಂಥ ಫ್ಲೈವೀಲ್ ಒಂದನ್ನು ಊಹಿಸಿಕೊಳ್ಳೋಣ. ಬಿಲ್ಲೆಯ ಜಡತ್ವವೆಂದರೆ ತೂಕ ಗುಣಿಸು ತ್ರಿಜ್ಯದ ವರ್ಗ, ಅದರ ಅರ್ಧ. ಅದು ಇಲ್ಲಿ 0.0676 ಬರುತ್ತದೆ. ಇದರ ಬದಲು ಅದೇ ಅಳತೆಯ 5 ಕಿಲೋಗ್ರಾಂನ ಚಕ್ರ ಹಾಕಿದರೆ 0.0423. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಮೊದಲನೆಯದರಲ್ಲಿ ಸುಮಾರು 3,340 ಜೂಲ್, ಎರಡನೆಯದರಲ್ಲಿ ಸುಮಾರು 2,090 ಜೂಲ್ ಶಕ್ತಿ ಇರುತ್ತದೆ. ಎಂಜಿನ್ನಿನ ವೇಗ ಏರಿಸುವಾಗ ಈ ಶಕ್ತಿಯನ್ನು ಚಕ್ರಕ್ಕೆ ತುಂಬಲೇಬೇಕು. ಹಗುರ ಚಕ್ರಕ್ಕೆ ತುಂಬಬೇಕಾದದ್ದು 1,250 ಜೂಲ್‌ನಷ್ಟು ಕಡಿಮೆ. ಆದ್ದರಿಂದಲೇ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಬೇಗ ಏರುತ್ತದೆ, ಬಿಟ್ಟಾಗ ಬೇಗ ಇಳಿಯುತ್ತದೆ.

ಈ ಉಗ್ರಾಣವನ್ನೇ ನಂಬಿ ಬಸ್ಸು ಓಡಿಸಿದವರೂ ಇದ್ದಾರೆ. ಸ್ವಿಟ್ಜರ್‌ಲೆಂಡಿನ ಇವರ್ಡನ್ ಪಟ್ಟಣದಲ್ಲಿ 1953ರಲ್ಲಿ ಗೈರೋಬಸ್ ಎಂಬ ವಾಹನ ಸಂಚಾರ ಆರಂಭಿಸಿತು. ಅದರಲ್ಲಿದ್ದ ಸುಮಾರು ಒಂದೂವರೆ ಟನ್ ಭಾರದ ಚಕ್ರವನ್ನು ನಿಲ್ದಾಣಗಳಲ್ಲಿ ವಿದ್ಯುತ್ತಿನಿಂದ ನಿಮಿಷಕ್ಕೆ 3,000 ಸುತ್ತಿನವರೆಗೆ ತಿರುಗಿಸುತ್ತಿದ್ದರು. ಆ ಶಕ್ತಿಯ ಮೇಲೆ ಬಸ್ಸು ಮುಂದಿನ ನಿಲ್ದಾಣ ಸೇರುತ್ತಿತ್ತು.

ಹಗುರ ಚಕ್ರ ಯಾರಿಗೆ ಬೇಕು?

ಹಗುರ ಫ್ಲೈವೀಲಿನ ವಿಚಾರ ಬಂದದ್ದು ರೇಸು ಮತ್ತು ರ‍್ಯಾಲಿಗಳಿಂದ. ನಮ್ಮ ರಾಜ್ಯದಲ್ಲಿ ಕೆ-1000 ಎಂಬ ರ‍್ಯಾಲಿ ಪ್ರಸಿದ್ಧ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲೂ ಕಾರಿನ ರ‍್ಯಾಲಿಗಳು ನಡೆದಿವೆ. ಅಂಥ ದಾರಿಯಲ್ಲಿ ಚಾಲಕ ಕೆಲವೇ ಸೆಕೆಂಡುಗಳಿಗೊಮ್ಮೆ ಗೇರ್ ಬದಲಿಸುತ್ತಾನೆ. ಪ್ರತಿ ಬದಲಾವಣೆಯಲ್ಲೂ ಎಂಜಿನ್ನಿನ ವೇಗ ಹೊಸ ಗೇರಿಗೆ ಹೊಂದಬೇಕು. ಚಕ್ರ ಹಗುರವಾಗಿದ್ದರೆ ಅದು ಬೇಗ ಹೊಂದುತ್ತದೆ. ಅಲ್ಲಿ ಎಂಜಿನ್ ಸದಾ ಹೆಚ್ಚಿನ ವೇಗದಲ್ಲೇ ಇರುವುದರಿಂದ ಬಂದ್ ಬೀಳುವ ಭಯವೂ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಹಗುರ ಫ್ಲೈವೀಲಿನಿಂದ ಎಂಜಿನ್ನಿನ ಅಶ್ವಶಕ್ತಿ ಹೆಚ್ಚುವುದಿಲ್ಲ. ಸಿಲಿಂಡರಿನೊಳಗೆ ಉರಿಯುವ ಪೆಟ್ರೋಲು ಅಷ್ಟೇ, ಗಾಳಿಯೂ ಅಷ್ಟೇ. ವೇಗ ಹೆಚ್ಚಿಸುವ ಹೊತ್ತಿನಲ್ಲಿ ಚಕ್ರ ತನ್ನ ಪಾಲಿಗೆ ಹಿಡಿದಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ, ಅಷ್ಟೆ. ಒಂದೇ ವೇಗದಲ್ಲಿ ಓಡುವಾಗ, ಒಂದೇ ವೇಗದಲ್ಲಿ ಏರು ಹತ್ತುವಾಗ ಕೂಡ, ಭಾರದ ಚಕ್ರಕ್ಕೂ ಹಗುರ ಚಕ್ರಕ್ಕೂ ವ್ಯತ್ಯಾಸವಿಲ್ಲ.

ಮೊದಲ ಗೇರಿನಲ್ಲಿ ಒಬ್ಬ ಪ್ರಯಾಣಿಕ, ಐದನೆಯದರಲ್ಲಿ ಒಂದು ಚೀಲ

ಹಾಗಾದರೆ ಪಿಕಪ್ ಎಷ್ಟು ಹೆಚ್ಚುತ್ತದೆ? ಇದು ಗೇರಿನ ಮೇಲೆ ನಿಂತಿದೆ. ನಮ್ಮ ಊಹೆಯ ಕಾರಿನ ತೂಕ 1,000 ಕಿಲೋಗ್ರಾಂ, ಗಾಲಿಯ ತ್ರಿಜ್ಯ 28 ಸೆಂಟಿಮೀಟರ್ ಇರಲಿ. ಮೊದಲ ಗೇರಿನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 14 ಸುತ್ತು ತಿರುಗುತ್ತದೆ, ಐದನೆಯ ಗೇರಿನಲ್ಲಿ ಸುಮಾರು 3.4 ಸುತ್ತು. ಈ ಸಂಖ್ಯೆಯನ್ನು ಮೀಟರಿನಲ್ಲಿ ಹೇಳಿದ ಗಾಲಿಯ ತ್ರಿಜ್ಯದಿಂದ ಭಾಗಿಸಿ, ವರ್ಗ ಮಾಡಿ, ಕಡಿಮೆಯಾದ ಜಡತ್ವದಿಂದ ಗುಣಿಸಿ. ಕಾರಿನಿಂದ ಎಷ್ಟು ತೂಕ ಇಳಿಸಿದಂತಾಯಿತು ಎಂಬುದು ತಿಳಿಯುತ್ತದೆ.

ಮೊದಲ ಗೇರಿನಲ್ಲಿ: 14 ಭಾಗಿಸು 0.28 ಎಂದರೆ 50, ಅದರ ವರ್ಗ 2,500, ಅದನ್ನು 0.0253ರಿಂದ ಗುಣಿಸಿದರೆ ಸುಮಾರು 63 ಕಿಲೋಗ್ರಾಂ. ಕಾರಿನಿಂದ ಒಬ್ಬ ಪ್ರಯಾಣಿಕ ಕೆಳಗಿಳಿದಂತೆ! ಬಿಲ್ಲೆಯಿಂದ ತೆಗೆದದ್ದು 3 ಕಿಲೋ ಮಾತ್ರ, ಆದರೆ ಅದು ಮಾಡುವ ಪರಿಣಾಮ 63 ಕಿಲೋದಷ್ಟು. ಹಗುರ ಫ್ಲೈವೀಲನ್ನು ಹೊಗಳುವವರು ಹೇಳುವುದು ಇದನ್ನೇ, ಅದು ಸುಳ್ಳಲ್ಲ.

ಐದನೆಯ ಗೇರಿನಲ್ಲಿ: 3.4 ಭಾಗಿಸು 0.28 ಎಂದರೆ ಸುಮಾರು 12.1, ಅದರ ವರ್ಗ ಸುಮಾರು 147, 0.0253ರಿಂದ ಗುಣಿಸಿದರೆ ಕೇವಲ 3.7 ಕಿಲೋಗ್ರಾಂ. ಹಿಂದಿನ ಸೀಟಿನ ಮೇಲಿದ್ದ ಪುಸ್ತಕದ ಚೀಲ ಕೆಳಗಿಟ್ಟಂತೆ. ಮುಂದಿನ ಲಾರಿಯನ್ನು ಐದನೆಯ ಗೇರಿನಲ್ಲಿ ದಾಟಲು ಮೊದಲು 10 ಸೆಕೆಂಡು ಬೇಕಾಗಿದ್ದರೆ ಈಗ 9.96 ಸೆಕೆಂಡು ಸಾಕು. ಈ ಅಂತರವನ್ನು ಯಾವ ಚಾಲಕನೂ ಗುರುತಿಸಲಾರ.

ಅಂದರೆ ಲಾಭವಿರುವುದು ಕೆಳಗಿನ ಗೇರುಗಳಲ್ಲಿ. ದಿನನಿತ್ಯದ ಕಾರು ಕೆಳಗಿನ ಗೇರಿನಲ್ಲಿ ಎಲ್ಲಿ ಓಡುತ್ತದೆ? ಊರೊಳಗೆ, ಪೇಟೆಯಲ್ಲಿ. ಅಲ್ಲಿ ಏನಾಗುತ್ತದೆ ನೋಡೋಣ.

ಸಂತೆಯ ದಿನದ ಪರೀಕ್ಷೆ

ಡೋಣಿಯಿಂದ ಹೊರಟು ಗದಗ–ಬೆಟಗೇರಿಯ ಪೇಟೆಗೆ ಹೋಗುವ ಕುಟುಂಬದ ಕಾರೊಂದನ್ನು ಕಲ್ಪಿಸಿಕೊಳ್ಳಿ. ಓಣಿಯಲ್ಲಿ ಎತ್ತಿನ ಬಂಡಿ ಎದುರಾಗುತ್ತದೆ. ದಾರಿಯಲ್ಲಿ ಕುರಿಹಿಂಡು ಅಡ್ಡ ಬರುತ್ತದೆ. ಪೇಟೆಯಲ್ಲಿ ಟಂಟಂ ಗಾಡಿಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ರಸ್ತೆ ಉಬ್ಬುಗಳಂತೂ ಸರಿಯೇ ಸರಿ. ಹೀಗೆ ಹತ್ತಾರು ಸಲ ನಿಲ್ಲಬೇಕು, ಮತ್ತೆ ಹೊರಡಬೇಕು.

ನಿಂತ ಕಾರು ಹೊರಡುವಾಗ ಮೊದಲ ನೆರವು ಸಿಗುವುದು ಫ್ಲೈವೀಲಿನಿಂದ. ಚಾಲಕ ಎಂಜಿನ್ನನ್ನು 1,500 ಸುತ್ತಿಗೆ ಏರಿಸಿ ಕ್ಲಚ್ ಬಿಡುತ್ತಾನೆ, ಅದು 800 ಸುತ್ತಿನವರೆಗೆ ಕುಸಿಯುತ್ತದೆ ಎನ್ನಿ. ಈ ಕುಸಿತದಲ್ಲಿ 8 ಕಿಲೋದ ಚಕ್ರ ಬಿಟ್ಟುಕೊಡುವ ಶಕ್ತಿ ಸುಮಾರು 600 ಜೂಲ್. 5 ಕಿಲೋದ ಚಕ್ರ ಕೊಡುವುದು ಸುಮಾರು 370. ಮಂದಿ ತುಂಬಿದ, ಒಟ್ಟು 1,200 ಕಿಲೋದ ಕಾರು ಗಂಟೆಗೆ 5 ಕಿಲೋಮೀಟರ್ ವೇಗ ಪಡೆಯಲು ಬೇಕಾದ ಶಕ್ತಿ ಸುಮಾರು 1,160 ಜೂಲ್. ಕ್ಲಚ್ ಜಾರುವಾಗ ಒಂದು ಪಾಲು ಶಾಖವಾಗಿ ಹೋಗುತ್ತದೆ, ನಿಜ. ಆದರೂ ಹೊರಡುವ ಆ ಗಳಿಗೆಯಲ್ಲಿ ಭಾರದ ಚಕ್ರ ಎಷ್ಟು ದೊಡ್ಡ ಆಸರೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಚಕ್ರ ಹಗುರವಾದಾಗ ಈ ಆಸರೆ ಕುಗ್ಗುತ್ತದೆ. ಚಾಲಕ ಹೆಚ್ಚು ಆಕ್ಸಿಲರೇಟರ್ ಕೊಡಬೇಕು, ಕ್ಲಚ್ಚನ್ನು ಹೆಚ್ಚು ಹೊತ್ತು ಅರ್ಧ ಒತ್ತಿ ಹಿಡಿಯಬೇಕು. ಸ್ವಲ್ಪ ತಪ್ಪಿದರೆ ಎಂಜಿನ್ ಗಕ್ಕನೆ ಬಂದ್ ಬೀಳುತ್ತದೆ. ಏರಿನಲ್ಲಿ, ಹಿಂದೆ ಮತ್ತೊಂದು ವಾಹನ ನಿಂತಿರುವಾಗ ಹೀಗಾದರೆ ಅಪಾಯ. ಹೊಸದಾಗಿ ಕಲಿಯುವವರಿಗೆ ಇದು ಇನ್ನೂ ಕಷ್ಟ. ಹೆಚ್ಚು ಜಾರಿಸಿದ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ ಎಂಬುದನ್ನೂ ಖರ್ಚಿಗೆ ಸೇರಿಸಬೇಕು.

ನಿಂತಲ್ಲೇ ಎಂಜಿನ್ ಓಡುವಾಗಲೂ ತೊಂದರೆಯಿದೆ. ಪ್ರತಿಯೊಂದು ತಳ್ಳಿಗೂ ಶಾಫ್ಟಿನ ವೇಗ ತುಸು ಏರಿ ತುಸು ಇಳಿಯುತ್ತದೆ. ಈ ಏರಿಳಿತವನ್ನು ಸಮ ಮಾಡುವ ಭಾರ ಕಡಿಮೆಯಾದರೆ ಕಾರು ನಡುಗುತ್ತದೆ, ಗೇರ್‌ಬಾಕ್ಸಿನ ಹಲ್ಲುಗಳು ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡುತ್ತವೆ. ಬೇಸಿಗೆಯಲ್ಲಿ ಎ.ಸಿ. ಹಾಕಿದರೆ ಆ ಹೊರೆಗೆ ಎಂಜಿನ್ ಇನ್ನಷ್ಟು ತಡವರಿಸುತ್ತದೆ. ಈ ನಡುಕವನ್ನು ತಡೆಯಲೆಂದೇ 1980ರ ದಶಕದಿಂದ ಕೆಲವು ಕಾರುಗಳಲ್ಲಿ ಎರಡು ಭಾರಗಳ ನಡುವೆ ಸ್ಪ್ರಿಂಗ್ ಇಟ್ಟ ಜೋಡಿ ಫ್ಲೈವೀಲನ್ನು ಬಳಸುತ್ತ ಬಂದಿದ್ದಾರೆ. ಇಂದಿನ ಅನೇಕ ಡೀಸೆಲ್ ಕಾರುಗಳಲ್ಲಿ ಅದಿದೆ. ಅದನ್ನು ತೆಗೆದು ಒಂಟಿ ಹಗುರ ಚಕ್ರ ಹಾಕಿದರೆ ತಯಾರಕರು ಅಡಗಿಸಿಟ್ಟಿದ್ದ ನಡುಕವೆಲ್ಲ ಗೇರ್‌ಬಾಕ್ಸಿಗೆ ಮರಳುತ್ತದೆ.

ಪೆಟ್ರೋಲು ಉಳಿಯುವುದೇ?

ಇದನ್ನೂ ಲೆಕ್ಕದಿಂದಲೇ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3 ಕೋಟಿ 20 ಲಕ್ಷ ಜೂಲ್ ಶಕ್ತಿಯಿದೆ. ಅದರ ಕಾಲುಭಾಗ ಕೆಲಸಕ್ಕೆ ಬಂದರೆ 80 ಲಕ್ಷ ಜೂಲ್. ಎಂಜಿನ್ನನ್ನು ಒಂದು ಸಲ 3,000 ಸುತ್ತಿಗೆ ಏರಿಸುವಾಗ ಹಗುರ ಚಕ್ರದಿಂದ ಉಳಿಯುವುದು 1,250 ಜೂಲ್. ಭಾಗಿಸಿ ನೋಡಿ: ಒಂದು ಲೀಟರ್ ಉಳಿಸಲು ಹೀಗೆ 6,400 ಸಲ ಏರಿಸಬೇಕು! ಪ್ರತಿ ಬಾರಿ ಹೊರಡುವಾಗ ಮೂರು ಗೇರುಗಳಲ್ಲಿ ಏರಿಸಿದರೂ ಎರಡು ಸಾವಿರಕ್ಕೂ ಹೆಚ್ಚು ಸಲ ನಿಂತು ಹೊರಡಬೇಕು. ಬಂದ್ ಬೀಳದಿರಲೆಂದು ಕೊಡುವ ಹೆಚ್ಚಿನ ಆಕ್ಸಿಲರೇಟರು ಈ ಉಳಿತಾಯವನ್ನು ನುಂಗಿಹಾಕಬಹುದು. ಟೈರಿನ ಗಾಳಿಯನ್ನು ಸರಿಯಾಗಿಟ್ಟರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಲೇತ್ ಇದೆ ಎಂದು ಕೆತ್ತಿಸಬಾರದು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಸ ಹಗುರ ಫ್ಲೈವೀಲ್ ದುಬಾರಿ ಎಂದು ಕೆಲವರು ಇದ್ದುದನ್ನೇ ಲೇತ್ ಮೇಲೆ ಕೆತ್ತಿಸುತ್ತಾರೆ. ನಮ್ಮ ನಾಡಿನಲ್ಲಿ ಲೇತ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ನಡೆಯುತ್ತಿಲ್ಲ, ಆದರೆ ಅದರ ಲೇತ್‌ಗಳ ಹೆಸರು ಊರೂರ ವರ್ಕ್‌ಶಾಪುಗಳಲ್ಲಿ ಪರಿಚಿತ. ಕೈಚಳಕ ಎಷ್ಟೇ ಇರಲಿ, ಫ್ಲೈವೀಲಿನ ವಿಷಯ ಬೇರೆ.

ಎಷ್ಟೋ ಕಾರುಗಳ ಫ್ಲೈವೀಲ್ ಬೀಡುಕಬ್ಬಿಣದ್ದು. ಬೀಡು ಒತ್ತಡವನ್ನು ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳದು. ಬಾಗದೆ ಒಮ್ಮೆಲೇ ಸೀಳುವ ಲೋಹ ಅದು. ತಿರುಗುವ ಚಕ್ರದ ಅಂಚಿನ ಮೇಲೆ ಬೀಳುವುದು ಎಳೆತವೇ. ನಿಮಿಷಕ್ಕೆ 6,000 ಸುತ್ತಿನಲ್ಲಿ ನಮ್ಮ ಚಕ್ರದ ಅಂಚು ಸೆಕೆಂಡಿಗೆ ಸುಮಾರು 82 ಮೀಟರ್, ಅಂದರೆ ಗಂಟೆಗೆ ಸುಮಾರು 294 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಂದು ಪಕ್ಕದಲ್ಲಿ ಕೇವಲ 10 ಗ್ರಾಂ ಹೆಚ್ಚು ಉಳಿದಿದ್ದರೂ ಅದು ಆ ವೇಗದಲ್ಲಿ 52 ಕಿಲೋ ತೂಕದಷ್ಟು ಬಲದಿಂದ ಶಾಫ್ಟನ್ನು ಹೊರಗೆಳೆಯುತ್ತದೆ, ಅದೂ ಸೆಕೆಂಡಿಗೆ 100 ಸಲ ದಿಕ್ಕು ಸುತ್ತುತ್ತ. ಬೇರಿಂಗುಗಳು ಇದನ್ನು ಎಷ್ಟು ದಿನ ತಡೆದಾವು?

ಕೆತ್ತಿ ತೆಳುವಾದ ಬೀಡು ಸೀಳಿದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ, ಹೊರಗವಚವನ್ನೇ ಒಡೆದು ಬರಬಲ್ಲವು. ಅನೇಕ ಕಾರುಗಳಲ್ಲಿ ಆ ಜಾಗ ಚಾಲಕನ ಕಾಲುಗಳಿಗೆ ದೂರವಿಲ್ಲ. ಆದ್ದರಿಂದ ಬೀಡಿನ ಫ್ಲೈವೀಲನ್ನು ತೂಕ ಇಳಿಸಲೆಂದು ಎಂದಿಗೂ ಕೆತ್ತಿಸಬಾರದು. ಹಗುರ ಚಕ್ರ ಬೇಕೇ ಬೇಕೆಂದರೆ ಆ ಕಾರಿಗೆಂದೇ ಉಕ್ಕಿನಲ್ಲಿ ಮಾಡಿದ, ತೂಕ ಸಮತೋಲನ ಪರೀಕ್ಷೆಯಾದ ಚಕ್ರವನ್ನೇ ಹಾಕಿಸಬೇಕು. ಬೋಲ್ಟುಗಳು ಹೊಸವಿರಬೇಕು, ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಎಂಜಿನ್ನಿನ ವೇಗ ಅಳೆಯುವ ಸೆನ್ಸರ್ ಫ್ಲೈವೀಲಿನ ಹಲ್ಲುಗಳನ್ನೇ ಓದುತ್ತದೆ. ಆ ಹಲ್ಲುಗಳು ಸರಿಹೊಂದದಿದ್ದರೆ ಎಂಜಿನ್ ಸ್ಟಾರ್ಟೇ ಆಗದು. ಈ ಕೆಲಸಕ್ಕೆ ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕಾದ್ದರಿಂದ ಕೂಲಿಯ ಖರ್ಚೂ ಕಡಿಮೆಯಲ್ಲ.

ಕೊನೆಗೆ ಏನು ತೀರ್ಮಾನ?

ರ‍್ಯಾಲಿಗೆಂದೇ ಇಟ್ಟ ಕಾರಿಗೆ ಹಗುರ ಫ್ಲೈವೀಲ್ ಯೋಗ್ಯ. ನಿತ್ಯ ಓಡುವ ಕಾರಿನಲ್ಲಿ ಅದರ ಲಾಭ ಮೊದಲೆರಡು ಗೇರುಗಳಿಗೆ ಸೀಮಿತ. ನಷ್ಟವೂ ಅಲ್ಲೇ, ನಿಂತು ಹೊರಡುವ ಪ್ರತಿ ಗಳಿಗೆಯಲ್ಲೂ. ಆದ್ದರಿಂದ ಅಪ್ಪ ಓಡಿಸುವ, ಅಕ್ಕ ಕಲಿಯುತ್ತಿರುವ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆ ಕಾರ್ಖಾನೆ ಕೊಟ್ಟ ಚಕ್ರವೇ ಒಳ್ಳೆಯದು. ಕಾರು ಮಂಕಾಗಿದೆ ಎನಿಸಿದರೆ ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್, ಟೈರಿನ ಗಾಳಿ ನೋಡಿಸಿ. ಬಹಳ ಸಲ ಕಳೆದುಹೋದ ಪಿಕಪ್ ಅಲ್ಲೇ ಸಿಗುತ್ತದೆ.

ನೀವೇ ಮಾಡಿ ನೋಡಿ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಹಿಂದಿನ ಗಾಲಿಯನ್ನು ಪೆಡಲಿನಿಂದ ನಿಧಾನವಾಗಿ ತಿರುಗಿಸಿ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಈಗ ಒದ್ದೆ ಬಟ್ಟೆಯ ಪಟ್ಟಿಯನ್ನು ರಿಮ್ಮಿನ ಒಳಬದಿಗೆ ಸುತ್ತಲೂ ಸಮನಾಗಿ, ಕಡ್ಡಿಗಳಿಗೆ ಬಿಗಿಯಾಗಿ ಸುತ್ತಿ ಅದೇ ವೇಗದಲ್ಲಿ ತಿರುಗಿಸಿ. ಆಮೇಲೆ ಅದೇ ಬಟ್ಟೆಯನ್ನು ನಡುವಿನ ಹಬ್ಬಿನ ಬಳಿ ಕಡ್ಡಿಗಳಿಗೆ ಸುತ್ತಿ ನೋಡಿ. ತಿರುಗುವ ಗಾಲಿಯೊಳಗೆ ಬೆರಳು ಹಾಕಬೇಡಿ.

ಯೋಚಿಸಿ ಉತ್ತರಿಸಿ

1. ಬಟ್ಟೆಯ ತೂಕ ಒಂದೇ ಆಗಿದ್ದರೂ ರಿಮ್ಮಿನಲ್ಲಿದ್ದಾಗ ಮತ್ತು ಹಬ್ಬಿನಲ್ಲಿದ್ದಾಗ ಗಾಲಿಯ ವರ್ತನೆ ಬೇರೆಯಾಗುವುದೇಕೆ?

2. 8 ಕಿಲೋದ ಫ್ಲೈವೀಲಿನ ತೂಕ ಹಾಗೇ ಇಟ್ಟು ತ್ರಿಜ್ಯವನ್ನು 13ರಿಂದ 11 ಸೆಂಟಿಮೀಟರಿಗೆ ಇಳಿಸಿದರೆ ಜಡತ್ವ ಎಷ್ಟಾಗುತ್ತದೆ?

3. ಮೂರನೆಯ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ 6 ಸುತ್ತು ತಿರುಗುವುದಾದರೆ, ನಮ್ಮ ಕಾರಿನಿಂದ ಎಷ್ಟು ತೂಕ ಇಳಿಸಿದಂತಾಗುತ್ತದೆ?

ಮೂರನೆಯದಕ್ಕೆ ನಿಮ್ಮ ಉತ್ತರ 12 ಕಿಲೋದ ಆಸುಪಾಸಿನಲ್ಲಿದ್ದರೆ ನೀವು ಲೆಕ್ಕವನ್ನು ಸರಿಯಾಗಿಯೇ ಹಿಡಿದಿದ್ದೀರಿ.